ಕಾಂಬಿನೇಷನ್ ಬರೆಯುವ ಮುನ್ನ: ಎಸ್ಸೆಸ್ಸೆಲ್ಸಿಯಿಂದ ದ್ವಿತೀಯ ಪಿಯುಸಿವರೆಗೆ ಒಂದು ಯೋಜನೆ

ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ನಾನು ಹಲವು ಬೇಸಿಗೆಗಳನ್ನು ಪ್ರವೇಶಾತಿಯ ಮೇಜಿನ ಹಿಂದೆ ಕಳೆದಿದ್ದೇನೆ. ಅಪ್ಪ ಮುಂದೆ ನಿಂತಿರುತ್ತಾರೆ, ಮಗ ಅವರ ಬೆನ್ನ ಹಿಂದೆ. "ಮೇಡಂ, ಸೈನ್ಸ್ ಕೊಟ್ಟುಬಿಡಿ" ಎನ್ನುತ್ತಾರೆ ಅಪ್ಪ. ಸೈನ್ಸ್‌ನಲ್ಲಿ ಯಾವುದು ಎಂದು ಕೇಳಿದರೆ "ಯಾವುದು ಒಳ್ಳೆಯದೋ ಅದನ್ನೇ ಕೊಡಿ" ಎಂಬ ಉತ್ತರ. ಮಗ ಅರ್ಜಿಯ ಮೂಲೆಯನ್ನು ಮಡಚುತ್ತ ನೆಲ ನೋಡುತ್ತಾನೆ. ಐದು ನಿಮಿಷದೊಳಗೆ ನಾಲ್ಕು ಅಕ್ಷರಗಳು ಚೌಕದಲ್ಲಿ ಕುಳಿತುಬಿಡುತ್ತವೆ. ಹಸು ಕೊಳ್ಳುವಾಗ ಹಲ್ಲು ಎಣಿಸಿ, ಹಾಲು ಕರೆದು ನೋಡಿ ಕೊಳ್ಳುವ ಮನೆಯವರು ಈ ನಾಲ್ಕು ಅಕ್ಷರಗಳಿಗೆ ಅಷ್ಟು ಹೊತ್ತನ್ನೂ ಕೊಡುವುದಿಲ್ಲ ಎಂಬುದು ನನ್ನನ್ನು ಪ್ರತಿ ವರ್ಷ ಕಾಡುತ್ತದೆ. ಆ ಮೇಜಿಗೆ ಬರುವ ಮೊದಲೇ ಮನೆಯಲ್ಲಿ ಕುಳಿತು ಮಾಡಬೇಕಾದ ಕೆಲಸಗಳನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಮೊದಲು ಪಿಯುಸಿಯ ರಚನೆ. ಎರಡು ಭಾಷೆಗಳು, ನಾಲ್ಕು ಐಚ್ಛಿಕ ವಿಷಯಗಳು, ವಿಷಯಕ್ಕೆ 100ರಂತೆ ಒಟ್ಟು 600 ಅಂಕ. ನಾಲ್ಕು ಐಚ್ಛಿಕ ವಿಷಯಗಳ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿದರೆ ಕಾಂಬಿನೇಷನ್. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಸೇರಿದರೆ ಪಿಸಿಎಂಬಿ. ಜೀವಶಾಸ್ತ್ರದ ಜಾಗದಲ್ಲಿ ಕಂಪ್ಯೂಟರ್ ವಿಜ್ಞಾನ ಬಂದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಬಂದರೆ ಪಿಸಿಎಂಇ. ವಾಣಿಜ್ಯದಲ್ಲಿ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರದ ಜೊತೆ ಕಂಪ್ಯೂಟರ್ ವಿಜ್ಞಾನ ಬಂದರೆ ಸಿಇಬಿಎ, ಸಂಖ್ಯಾಶಾಸ್ತ್ರ ಬಂದರೆ ಎಸ್‌ಇಬಿಎ, ಇತಿಹಾಸ ಬಂದರೆ ಎಚ್‌ಇಬಿಎ. ಕಲಾ ವಿಭಾಗದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಸೇರಿದ ಎಚ್‌ಇಪಿಎಸ್ ಮತ್ತು ಅದರ ಹತ್ತಾರು ಬಂಧುಗಳು.

ಮೊದಲ ಹೆಜ್ಜೆ: ವಿಭಾಗವನ್ನು ಮರೆತು ಎರಡು ವಿಷಯಗಳನ್ನು ತೀರ್ಮಾನಿಸಿ

ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂದು ಕೇಳಿಕೊಂಡರೆ ಚರ್ಚೆ ನೇರವಾಗಿ ಮರ್ಯಾದೆಯ ಕಡೆಗೆ ಹೊರಳುತ್ತದೆ. ಪಕ್ಕದ ಮನೆಯ ಹುಡುಗಿ ಏನು ತೆಗೆದುಕೊಂಡಳು, ಅತ್ತೆ ಮನೆಯವರು ಏನೆನ್ನುತ್ತಾರೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅದರ ಬದಲು ಎರಡೇ ಪ್ರಶ್ನೆ ಕೇಳಿಕೊಳ್ಳಿ. ಗಣಿತ ಬೇಕೇ? ಜೀವಶಾಸ್ತ್ರ ಬೇಕೇ? ಪಿಯುಸಿಯಲ್ಲಿ ಬಿಟ್ಟರೆ ಮುಂದೆ ಹಿಡಿಯುವುದು ಅತ್ಯಂತ ಕಷ್ಟವಾಗುವುದು ಈ ಎರಡನ್ನೇ.

ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ. ಅದಕ್ಕೆ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ನಾಟಾ ಪರೀಕ್ಷೆ ಬರೆದು ಸೇರುವ ವಾಸ್ತುಶಿಲ್ಪ ಪದವಿಯೂ ಇಲ್ಲ. ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಮೂಲಕ ಭೂಸೇನೆಗೆ ಯಾವ ವಿಭಾಗದವರಾದರೂ ಅರ್ಜಿ ಹಾಕಬಹುದು, ಆದರೆ ನೌಕಾಪಡೆಗೂ ವಾಯುಪಡೆಗೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಗಣಿತದಲ್ಲೇ ಪದವಿ ಮಾಡಬಹುದು. ಪಿಯುಸಿಯಲ್ಲಿ ಗಣಿತ ಓದದವರಿಗೆ ಅದರ ಪ್ರವೇಶ ಪರೀಕ್ಷೆಯ ಬಾಗಿಲೇ ತೆರೆಯುವುದಿಲ್ಲ.

ಜೀವಶಾಸ್ತ್ರ ಬಿಟ್ಟರೆ ಎಂಬಿಬಿಎಸ್, ದಂತವೈದ್ಯ, ಆಯುರ್ವೇದ, ಹೋಮಿಯೋಪಥಿ, ಬಿ.ಎಸ್ಸಿ. ನರ್ಸಿಂಗ್, ಫಿಸಿಯೋಥೆರಪಿ ಇವೆಲ್ಲ ಕೈಬಿಡುತ್ತವೆ. ಬಿ.ಎಸ್ಸಿ. ಕೃಷಿಯೂ ಈ ಪಟ್ಟಿಯಲ್ಲಿದೆ ಎಂಬುದು ಬಹಳ ಮಂದಿಗೆ ತಡವಾಗಿ ಹೊಳೆಯುತ್ತದೆ. ನಾಲ್ಕು ಎಕರೆ ಅಡಿಕೆ ತೋಟದ ಮನೆಯ ಹುಡುಗನೊಬ್ಬ ಗೆಳೆಯರ ಜೊತೆ ಪಿಸಿಎಂಸಿ ಸೇರಿದ್ದ. ಎರಡನೆಯ ವರ್ಷದ ಡಿಸೆಂಬರ್‌ನಲ್ಲಿ ಬಂದು "ಮೇಡಂ, ನನಗೆ ಜಿಕೆವಿಕೆಯಲ್ಲಿ ಅಗ್ರಿ ಓದಬೇಕು" ಎಂದ. ಜಿಕೆವಿಕೆ ಎಂದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ. ರೈತರ ಮಕ್ಕಳಿಗೆ ಕೃಷಿ ಪದವಿಯಲ್ಲಿ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಬೀಜ, ಗೊಬ್ಬರ, ಕಳೆ ಗುರುತಿಸುವುದರಲ್ಲಿ ಆ ಹುಡುಗನನ್ನು ಮೀರಿಸುವವರು ನಮ್ಮ ತಾಲ್ಲೂಕಿನಲ್ಲಿ ಕಡಿಮೆ. ಅವನ ಬಳಿ ಇಲ್ಲದಿದ್ದದ್ದು ಜೀವಶಾಸ್ತ್ರ ಒಂದೇ.

ಬಿ.ಫಾರ್ಮಾ ಮಾತ್ರ ಎರಡೂ ಕಡೆಯವರನ್ನು ಸೇರಿಸಿಕೊಳ್ಳುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಗಣಿತವಿದ್ದರೂ ಆದೀತು, ಜೀವಶಾಸ್ತ್ರವಿದ್ದರೂ ಆದೀತು.

ಹಾಗಾದರೆ ಎಲ್ಲರೂ ಪಿಸಿಎಂಬಿ ತೆಗೆದುಕೊಂಡರೆ ಎಲ್ಲ ದಾರಿಯೂ ಉಳಿಯಿತಲ್ಲ ಎಂದು ಕೇಳುವವರಿದ್ದಾರೆ. ಕಾಗದದ ಮೇಲೆ ಉಳಿಯುತ್ತವೆ. ವಿಜ್ಞಾನ ಓದಿದವರು ಬಿ.ಎ.ಗೂ ಬಿ.ಕಾಂ.ಗೂ ಕಾನೂನಿಗೂ ಹೋಗಬಹುದು, ಬೇರೆ ವಿಭಾಗದಿಂದ ಈ ಕಡೆ ಬರಲಾಗುವುದಿಲ್ಲ. ಆದರೆ ನಾಲ್ಕು ಭಾರವಾದ ವಿಷಯಗಳನ್ನು ಹೊತ್ತು, ನಾಲ್ಕರಲ್ಲೂ ಮೂವತ್ತೈದು ನಲವತ್ತು ಅಂಕ ತಂದು, ತನ್ನ ತಲೆಯೇ ಸರಿಯಿಲ್ಲ ಎಂದು ನಂಬಿ ಹೊರಹೋಗುವ ಮಕ್ಕಳನ್ನು ನಾನು ನೋಡಿದ್ದೇನೆ. ಆ ನಂಬಿಕೆ ಅಂಕಪಟ್ಟಿಗಿಂತ ಹೆಚ್ಚು ಕಾಲ ಜೊತೆಗಿರುತ್ತದೆ. ಎರಡೂ ವಿಷಯಗಳಲ್ಲಿ ನಿಜವಾದ ಒಲವಿದ್ದರೆ, ಇಲ್ಲವೇ ಎಂಜಿನಿಯರಿಂಗ್ ಮತ್ತು ವೈದ್ಯಕೀಯದ ನಡುವೆ ಪ್ರಾಮಾಣಿಕ ಗೊಂದಲವಿದ್ದರೆ ಪಿಸಿಎಂಬಿ ಸರಿ. ವೈದ್ಯಕೀಯ ಪ್ರವೇಶಕ್ಕೆ ಬರೆಯುವ ನೀಟ್ ಪರೀಕ್ಷೆಯಲ್ಲಿ ಗಣಿತವಿಲ್ಲ. ವೈದ್ಯಕೀಯ ಕ್ಷೇತ್ರ ಖಚಿತವಾಗಿದ್ದು ಗಣಿತ ಕಂಡರೆ ಜ್ವರ ಬರುವವರು ಗಣಿತದ ಬದಲು ಬೇರೆ ವಿಷಯ ಕೊಡುವ ಕಾಲೇಜು ಹತ್ತಿರದಲ್ಲಿದೆಯೇ ಎಂದು ವಿಚಾರಿಸಿ. ಅಂಥ ಕಾಲೇಜುಗಳು ಕಡಿಮೆ, ಆದರೆ ಇವೆ.

ಎರಡನೆಯ ಹೆಜ್ಜೆ: ಹತ್ತು ದಿನ ಪುಸ್ತಕದ ಜೊತೆ ಕುಳಿತುಕೊಳ್ಳಿ

ಎಸ್ಸೆಸ್ಸೆಲ್ಸಿಯ 625ರಲ್ಲಿ ಎಷ್ಟು ಬಂತು ಎಂಬುದು ಕಾಂಬಿನೇಷನ್ನಿನ ಬಗ್ಗೆ ಹೇಳುವುದು ಕಡಿಮೆ. ಮೂರು ಭಾಷೆಗಳಿಂದಲೇ 325 ಅಂಕ ಬರುವಾಗ, ಒಟ್ಟು ಶೇಕಡಾ 90 ಇದ್ದೂ ಗಣಿತದಲ್ಲಿ ಹಿಂದುಳಿದಿರುವುದು ಸಾಧ್ಯ. ಗಣಿತ ಮತ್ತು ವಿಜ್ಞಾನದ ಅಂಕಗಳನ್ನು ಬೇರೆಯಾಗಿ ನೋಡಿ.

ಅಂಕಕ್ಕಿಂತ ನಾನು ನೆಚ್ಚುವುದು ಇನ್ನೊಂದು ಪರೀಕ್ಷೆಯನ್ನು. ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ರಜೆಯಲ್ಲಿ ಪ್ರಥಮ ಪಿಯುಸಿ ಪುಸ್ತಕಗಳನ್ನು ಹಿರಿಯ ವಿದ್ಯಾರ್ಥಿಗಳಿಂದ ಎರವಲು ತನ್ನಿ. ನಮ್ಮ ರಾಜ್ಯದ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪುಸ್ತಕಗಳೇ ಇರುವುದರಿಂದ ಅವು ಮೊಬೈಲ್‌ನಲ್ಲೂ ಉಚಿತವಾಗಿ ಸಿಗುತ್ತವೆ. ಗಣಿತದಲ್ಲಿ ಗಣಗಳ ಅಧ್ಯಾಯ, ಭೌತಶಾಸ್ತ್ರದಲ್ಲಿ ಸರಳರೇಖೆಯ ಚಲನೆ, ಲೆಕ್ಕಶಾಸ್ತ್ರದ ಮೊದಲ ಎರಡು ಅಧ್ಯಾಯ, ರಾಜ್ಯಶಾಸ್ತ್ರದಲ್ಲಿ ಸಂವಿಧಾನದ ಪಾಠ. ದಿನಕ್ಕೆ ಒಂದೂವರೆ ಗಂಟೆಯಂತೆ ಹತ್ತು ದಿನ. ಪೂರ್ತಿ ಅರ್ಥವಾಗಬೇಕಿಲ್ಲ. ಯಾವ ಪುಸ್ತಕ ಮುಚ್ಚಿದ ಮೇಲೂ ತಲೆಯಲ್ಲಿ ಓಡುತ್ತಿರುತ್ತದೆ, ಯಾವುದರ ಮುಂದೆ ಕುಳಿತಾಗ ಗಡಿಯಾರ ನಿಂತಂತಾಗುತ್ತದೆ ಎಂಬುದನ್ನು ಮಗುವೇ ಗಮನಿಸಲಿ. ಅಪ್ಪ ಅಮ್ಮ ಈ ಹತ್ತು ದಿನ ಏನೂ ಕೇಳದೆ ಸುಮ್ಮನಿರಬೇಕು.

ಮೂರನೆಯ ಹೆಜ್ಜೆ: ವಾಣಿಜ್ಯ ಮತ್ತು ಕಲೆಯ ಒಳಗಿನ ಆಯ್ಕೆ

ವಾಣಿಜ್ಯ ಎಂದು ನಿರ್ಧರಿಸಿದರೆ ಕೆಲಸ ಮುಗಿಯಲಿಲ್ಲ. ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರ ಬಹುತೇಕ ಎಲ್ಲರಿಗೂ ಇರುತ್ತವೆ. ನಾಲ್ಕನೆಯ ವಿಷಯದಲ್ಲಿದೆ ವ್ಯತ್ಯಾಸ. ಚಾರ್ಟರ್ಡ್ ಅಕೌಂಟೆಂಟ್ ಆಗುವ ಮನಸ್ಸಿದ್ದರೆ ಸಂಖ್ಯಾಶಾಸ್ತ್ರ ಅಥವಾ ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್ ಹುಡುಕಿ. ಸಿಎ ಫೌಂಡೇಷನ್ನಿನ ನಾಲ್ಕು ಪತ್ರಿಕೆಗಳಲ್ಲಿ ಒಂದು ಗಣಿತ, ತರ್ಕ, ಸಂಖ್ಯಾಶಾಸ್ತ್ರದ್ದೇ, ಮತ್ತು ಬಹಳ ಮಂದಿ ಎಡವುವುದು ಅಲ್ಲೇ. ಹತ್ತನೆಯ ತರಗತಿ ಮುಗಿದ ಕೂಡಲೇ ಫೌಂಡೇಷನ್ನಿಗೆ ತಾತ್ಕಾಲಿಕ ನೋಂದಣಿ ಮಾಡಿಸಬಹುದು. ಪರೀಕ್ಷೆ ಬರೆಯುವುದು ದ್ವಿತೀಯ ಪಿಯುಸಿಯ ನಂತರ. ಇತಿಹಾಸವಿರುವ ಎಚ್‌ಇಬಿಎ ಹಗುರ ಎಂದು ಕೆಲವರು ಅದಕ್ಕೆ ಸೇರುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗಳತ್ತ ಕಣ್ಣಿರುವವರಿಗೆ ಅದು ಒಳ್ಳೆಯ ಜೋಡಿ, ಸಿಎಗೆ ಅಷ್ಟಲ್ಲ.

ಕಲಾ ವಿಭಾಗದ ಬಗ್ಗೆ ಮಾತನಾಡುವಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. "ಎಲ್ಲೂ ಸೀಟು ಸಿಗದಿದ್ದರೆ ಆರ್ಟ್ಸ್" ಎಂದು ಮಗುವಿನ ಎದುರಿಗೇ ಹೇಳುವ ಹಿರಿಯರು ಆ ಮಗುವಿನ ಎರಡು ವರ್ಷಗಳನ್ನು ಅಲ್ಲೇ ಕೊಂದುಹಾಕುತ್ತಾರೆ. ಕೆಎಎಸ್, ಐಎಎಸ್ ಪರೀಕ್ಷೆಗಳಿಗೆ ಬೇಕಾಗುವ ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರವನ್ನು ಹದಿನಾರನೆಯ ವಯಸ್ಸಿನಲ್ಲೇ ಬುನಾದಿಯಿಂದ ಓದುವವರು ಇವರೇ. ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗವಾದರೂ ಆಗುತ್ತದೆ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಗೆ ಕ್ಲ್ಯಾಟ್ ಬರೆಯಬೇಕು, ಅದನ್ನು ದ್ವಿತೀಯ ಪಿಯುಸಿಯಲ್ಲಿರುವಾಗಲೇ ಬರೆಯಬಹುದು. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆಗೆ ಸಿಯುಇಟಿ ಪರೀಕ್ಷೆ. ಮೇಷ್ಟರಾಗುವ ಆಸೆ ಇದ್ದವರು, ಕಲೆಯವರೂ ವಿಜ್ಞಾನದವರೂ, ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪದವಿ ಮತ್ತು ಬಿ.ಇಡಿ. ಎರಡನ್ನೂ ಒಟ್ಟಿಗೆ ಮಾಡಬಹುದು. ಐಚ್ಛಿಕ ಕನ್ನಡ ಇರುವ ಕಾಲೇಜು ಹತ್ತಿರದಲ್ಲಿದ್ದರೆ, ಓದುವ ಹುಚ್ಚಿರುವ ಮಕ್ಕಳಿಗೆ ಅದನ್ನು ತೋರಿಸಿ. ಆ ತರಗತಿಯಲ್ಲಿ ಅರಳಿದ ಮಕ್ಕಳ ಮುಖಗಳು ನನ್ನ ಕಣ್ಣ ಮುಂದಿವೆ.

ಕನ್ನಡ ಮಾಧ್ಯಮದಿಂದ ವಿಜ್ಞಾನಕ್ಕೆ ಬರುವವರು

ಇವರಿಗಾಗಿಯೇ ಈ ಲೇಖನದ ಅರ್ಧ ಬರೆಯುತ್ತಿದ್ದೇನೆ ಎನ್ನಬಹುದು. ಹತ್ತನೆಯ ತರಗತಿಯಲ್ಲಿ ವಿಜ್ಞಾನದಲ್ಲಿ 95 ತೆಗೆದ ಹುಡುಗಿ ಜೂನ್ ತಿಂಗಳಲ್ಲಿ ಮೂರನೆಯ ಬೆಂಚಿನಲ್ಲಿ ಕುಳಿತು ಕಣ್ಣು ತುಂಬಿಕೊಳ್ಳುತ್ತಾಳೆ. ಅವಳಿಗೆ ವೇಗೋತ್ಕರ್ಷ ಗೊತ್ತು, ಆಕ್ಸಲರೇಷನ್ ಗೊತ್ತಿಲ್ಲ. ದ್ಯುತಿಸಂಶ್ಲೇಷಣೆಯನ್ನು ಚಿತ್ರ ಬರೆದು ವಿವರಿಸಬಲ್ಲಳು, ಫೋಟೋಸಿಂಥೆಸಿಸ್ ಎಂದರೆ ಗಾಬರಿ. ತಿಳಿವಳಿಕೆ ಇದೆ, ಹೆಸರು ಬದಲಾಗಿದೆ ಅಷ್ಟೇ. ಆದರೆ ಅದನ್ನು ಅವಳಿಗೆ ಹೇಳುವವರು ಯಾರೂ ಇರುವುದಿಲ್ಲ. ಆಗಸ್ಟ್ ಹೊತ್ತಿಗೆ ಕಲಾ ವಿಭಾಗಕ್ಕೆ ಬದಲಿಸಿಕೊಡಿ ಎಂಬ ಅರ್ಜಿ ಬರುತ್ತದೆ.

ಏಪ್ರಿಲ್ ಮೇ ತಿಂಗಳಲ್ಲೇ ಒಂದು ಇನ್ನೂರು ಪುಟದ ನೋಟ್‌ಬುಕ್ ಮಾಡಿ. ಹತ್ತನೆಯ ತರಗತಿಯ ವಿಜ್ಞಾನ ಮತ್ತು ಗಣಿತ ಪುಸ್ತಕಗಳ ಕನ್ನಡ ಆವೃತ್ತಿ ನಿಮ್ಮ ಬಳಿ ಇದೆ. ಅದೇ ಪುಸ್ತಕದ ಇಂಗ್ಲಿಷ್ ಆವೃತ್ತಿಯನ್ನು ಸಂಪಾದಿಸಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಒಂದೇ ಪ್ಯಾರಾವನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದಿ. ಹೊಸ ಪದ ಸಿಕ್ಕಾಗ ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್, ಕೆಳಗೆ ಆ ಪದ ಬಂದ ಒಂದು ಪೂರ್ತಿ ವಾಕ್ಯ ಬರೆದುಕೊಳ್ಳಿ. ಒಂಟಿ ಪದ ಮರೆತುಹೋಗುತ್ತದೆ, ವಾಕ್ಯ ಉಳಿಯುತ್ತದೆ. ದಿನಕ್ಕೆ ಹದಿನೈದು ಪದಗಳಾದರೆ ನಲವತ್ತು ದಿನಕ್ಕೆ ಆರುನೂರು ಪದ, ಪ್ರಥಮ ಪಿಯುಸಿಯ ಮೊದಲ ಮೂರು ತಿಂಗಳ ಭಯ ಕಳೆಯಲು ಇಷ್ಟು ಸಾಕು. ಹೊಸ ಪಾಠ ಕಲಿಯುವ ಶ್ರಮವೇ ಇಲ್ಲದ ಈ ಕೆಲಸಕ್ಕೆ ಕೋಚಿಂಗ್ ಶುಲ್ಕವೂ ಬೇಕಿಲ್ಲ.

ಇನ್ನೂ ಒಂದು ಮಾತು. ನೀಟ್ ಮತ್ತು ಎನ್‌ಐಟಿಯಂಥ ಕಡೆ ಎಂಜಿನಿಯರಿಂಗ್ ಸೇರಲು ಬರೆಯುವ ಜೆಇಇ ಮೇನ್ ಎರಡನ್ನೂ ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಅರ್ಜಿ ಹಾಕುವಾಗಲೇ ಭಾಷೆಯನ್ನು ಆರಿಸಬೇಕು. ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ ಕೇಳಿ ಕೊನೆಗೆ ಕನ್ನಡದಲ್ಲಿ ಬರೆಯುವುದು ಎಲ್ಲರಿಗೂ ಸುಲಭವಲ್ಲ. ಹಳೆಯ ಕನ್ನಡ ಪ್ರಶ್ನೆಪತ್ರಿಕೆಯೊಂದನ್ನು ಬಿಡಿಸಿ ನೋಡಿ ಆಮೇಲೆ ನಿರ್ಧರಿಸಿ.

ಪಿಯುಸಿಯೇ ಬೇಡ ಎನಿಸಿದರೆ

ಕೈಕೆಲಸದಲ್ಲಿ ಚುರುಕಾದ ಮಕ್ಕಳಿಗೆ ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ಮುಗಿಸಿ ಡಿಸಿಇಟಿ ಬರೆದರೆ ನೇರ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರಬಹುದು. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಹೋಗಬಹುದು. ಜಿಟಿಟಿಸಿ ಎಂದೇ ಪರಿಚಿತವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಟೂಲ್ ಅಂಡ್ ಡೈ ಡಿಪ್ಲೊಮಾ ಓದಿದವರನ್ನು ಕಾರ್ಖಾನೆಗಳು ಹುಡುಕಿಕೊಂಡು ಬರುತ್ತವೆ. ಇವುಗಳ ಅರ್ಜಿಯ ಅವಧಿ ಪಿಯು ಪ್ರವೇಶದ ಗದ್ದಲದಲ್ಲೇ ಬಂದುಹೋಗುವುದರಿಂದ ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರದಲ್ಲೇ ಹತ್ತಿರದ ಪಾಲಿಟೆಕ್ನಿಕ್‌ಗೆ ಒಮ್ಮೆ ಹೋಗಿಬನ್ನಿ.

ಕಾಲೇಜು ಆರಿಸುವಾಗ

ಕಾಂಬಿನೇಷನ್ ತೀರ್ಮಾನವಾದ ಮೇಲೆ ಕಾಲೇಜು. ಬಹುತೇಕರು ಇದನ್ನು ತಿರುಗುಮುರುಗು ಮಾಡುತ್ತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಮುನ್ನವೇ ದೊಡ್ಡ ಮುಂಗಡ ಕೇಳುವ ವಸತಿ ಕಾಲೇಜಿಗೆ ಹಣ ಕಟ್ಟುವ ಮೊದಲು, ಅದು ಮರಳಿ ಸಿಗುತ್ತದೆಯೇ ಎಂಬುದನ್ನು ಬರಹದಲ್ಲಿ ಕೇಳಿ. ಬಾಯಿಮಾತು ನಂಬಬೇಡಿ. ಹಾಸ್ಟೆಲ್ಲಿನಲ್ಲಿ ಈಗ ಓದುತ್ತಿರುವ ಮಕ್ಕಳ ಜೊತೆ, ಪಕ್ಕದಲ್ಲಿ ವಾರ್ಡನ್ ಇಲ್ಲದಾಗ, ಅರ್ಧ ಗಂಟೆ ಮಾತನಾಡಿ. ಪ್ರಯೋಗಾಲಯ ನೋಡಿ, ಭೌತ, ರಸಾಯನ, ಜೀವಶಾಸ್ತ್ರದಂಥ ಪ್ರಯೋಗವಿರುವ ವಿಷಯಗಳಲ್ಲಿ 30 ಅಂಕ ಪ್ರಾಯೋಗಿಕ ಪರೀಕ್ಷೆಯದು. ಸರ್ಕಾರಿ ಕಾಲೇಜಾದರೆ ನಿಮ್ಮ ನಾಲ್ಕು ವಿಷಯಗಳಿಗೂ ಉಪನ್ಯಾಸಕರಿದ್ದಾರೆಯೇ ಎಂದು ಕೇಳಲು ಹಿಂಜರಿಯಬೇಡಿ. ಆ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ, ಉತ್ತರಿಸುವುದು ನಮ್ಮ ಹೊಣೆ. ಕೋಚಿಂಗ್ ನೆಪದಲ್ಲಿ ತರಗತಿ ತಪ್ಪಿಸುವವರು ನೆನಪಿಡಬೇಕಾದದ್ದು ಶೇಕಡಾ 75 ಹಾಜರಾತಿಯ ನಿಯಮ.

ಕಾಗದಪತ್ರಗಳ ಚೀಲ

ಓದಿನಲ್ಲಿ ಮುಂದಿದ್ದೂ ಕಾಗದದಿಂದ ಸೋತವರನ್ನು ಕಂಡು ಬರೆಯುತ್ತಿದ್ದೇನೆ. ಪ್ರಥಮ ಪಿಯುಸಿಯ ದಸರಾ ರಜೆಯಲ್ಲಿ ಇವನ್ನು ಮಾಡಿ ಮುಗಿಸಿ.

ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಶಾಲೆಗಳಲ್ಲೇ ಓದಿದವರಿಗೆ ವೃತ್ತಿಪರ ಕೋರ್ಸುಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯ ಸೀಟು ಹಂಚಿಕೆಯಲ್ಲಿ ಶೇಕಡಾ 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿ ಇದೆ. ಇವಕ್ಕೆ ಓದಿದ ಪ್ರತಿ ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕಾಗುತ್ತವೆ. ನನ್ನ ವಿದ್ಯಾರ್ಥಿನಿಯೊಬ್ಬಳು ನಾಲ್ಕನೆಯ ತರಗತಿವರೆಗೆ ಓದಿದ ಹಳ್ಳಿಯ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿತ್ತು. ದಾಖಲೆಗಳು ಯಾವ ಶಾಲೆಗೆ ಹೋದವು ಎಂದು ಪತ್ತೆ ಮಾಡಲು ಅವಳ ತಾಯಿ ಕೂಲಿ ಬಿಟ್ಟು ಆರು ದಿನ ಓಡಾಡಿದರು, ಅದೂ ಪರೀಕ್ಷೆಯ ವಾರದಲ್ಲಿ. ಒಂದು ವರ್ಷ ಮೊದಲೇ ಹೊರಟಿದ್ದರೆ ಎರಡು ಮಧ್ಯಾಹ್ನಗಳ ಕೆಲಸ ಅದು.

ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರು ಸಂವಿಧಾನದ 371ಜೆ ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಪಡೆಯಬೇಕು. ಆ ಭಾಗದ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇಕಡಾ 70, ಉಳಿದೆಡೆ ಶೇಕಡಾ 8 ಸೀಟುಗಳಿವೆ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಅದರ ಆರ್‌ಡಿ ಸಂಖ್ಯೆಯನ್ನು ಬೇರೆಡೆಯೂ ಬರೆದಿಟ್ಟುಕೊಳ್ಳಿ. ಹೊರರಾಜ್ಯದಲ್ಲಿ ಕೆಲವು ವರ್ಷ ಓದಿ ಮರಳಿದವರು ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ ಲೆಕ್ಕ ಬರುತ್ತದೆಯೇ ಎಂದು ಈಗಲೇ ಎಣಿಸಿ. ಸಿಇಟಿ ಅರ್ಹತೆಯ ಪ್ರಮುಖ ನಿಯಮ ಅದು. ಹೊರನಾಡು, ಗಡಿನಾಡು ಕನ್ನಡಿಗರ ಮಕ್ಕಳಿಗೆ ಕನ್ನಡ ಭಾಷಾ ಪರೀಕ್ಷೆ ಬರೆದು ಬರುವ ಪ್ರತ್ಯೇಕ ದಾರಿಯಿದೆ. ಆಧಾರ್‌ನಲ್ಲೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಹೆಸರು, ಇನಿಷಿಯಲ್ ಒಂದೇ ರೀತಿ ಇರಲಿ.

ಎರಡನೆಯ ವರ್ಷದ ಪಂಚಾಂಗ

ದ್ವಿತೀಯ ಪಿಯುಸಿ ಜೂನ್‌ನಿಂದ ಮಾರ್ಚ್‌ವರೆಗೆ ಎಂದು ಕಂಡರೂ ಡಿಸೆಂಬರ್‌ಗೇ ಪಾಠ ಮುಗಿದುಹೋಗುತ್ತದೆ ಎಂದುಕೊಂಡು ಯೋಜನೆ ಹಾಕಿ. ಜೆಇಇ ಮೇನ್ ಮೊದಲ ಸುತ್ತು ಜನವರಿಯಲ್ಲಿ. ಸಿಇಟಿ ಅರ್ಜಿಯೂ ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ ಬರುತ್ತದೆ. ಪ್ರಾಯೋಗಿಕ ಪರೀಕ್ಷೆಗಳ ಓಡಾಟದಲ್ಲಿ ಕೊನೆಯ ದಿನ ಕಳೆದುಕೊಂಡವರು ಪ್ರತಿ ವರ್ಷ ಇರುತ್ತಾರೆ. ಮಾರ್ಚ್‌ನಲ್ಲಿ ಮಂಡಳಿಯ ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ, ಮೇ ಮೊದಲ ಭಾನುವಾರದ ಆಸುಪಾಸಿನಲ್ಲಿ ನೀಟ್.

ಎಂಜಿನಿಯರಿಂಗ್ ಸಿಇಟಿ ರ್‍ಯಾಂಕಿಗೆ ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಗಳಿಂದ ಅರ್ಧ, ಸಿಇಟಿ ಅಂಕಗಳಿಂದ ಅರ್ಧ. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ನೀಟ್‌ನಲ್ಲಿ ತಪ್ಪಿಗೆ ದಂಡವಿದೆ, ಅಲ್ಲಿ ಈ ಧೈರ್ಯ ಬೇಡ. ಭಾಷೆಯ ಅಂಕ ಸಿಇಟಿ ರ್‍ಯಾಂಕಿಗೆ ಸೇರುವುದಿಲ್ಲ ಎಂದು ಕನ್ನಡ, ಇಂಗ್ಲಿಷನ್ನು ಬದಿಗಿಟ್ಟವರು ಸುರತ್ಕಲ್‌ನ ಎನ್‌ಐಟಿಯ ಕನಸು ಕಾಣುವಾಗ ಪೇಚಿಗೆ ಸಿಲುಕುತ್ತಾರೆ. ಅಲ್ಲಿ ಸಾಮಾನ್ಯ ವರ್ಗಕ್ಕೆ ಕೇಳುವ ಶೇಕಡಾ 75 ಅಂಕದ ಲೆಕ್ಕದಲ್ಲಿ ಒಂದು ಭಾಷೆಯೂ ಸೇರುತ್ತದೆ.

ಪರೀಕ್ಷೆ ಕೈಕೊಟ್ಟರೆ ವರ್ಷ ಹೋಯಿತು ಎಂದು ಅಳುವ ಕಾಲ ಇದಲ್ಲ. 2024ರಿಂದ ಮಂಡಳಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದೆ. ಒಂದರಲ್ಲಿ ಕಡಿಮೆ ಬಂದರೆ ಇನ್ನೊಂದರಲ್ಲಿ ಬರೆಯಬಹುದು, ಹೆಚ್ಚಿನ ಅಂಕವೇ ಉಳಿಯುತ್ತದೆ. ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ, ಅಂಕ ನೋಡುವ ಮೊದಲು ಜೊತೆಯಲ್ಲಿ ಊಟ ಮಾಡಿ.

ಆಯ್ಕೆ ತಪ್ಪಾಯಿತು ಎನಿಸಿದರೆ

ತರಗತಿ ಆರಂಭವಾದ ಮೊದಲ ವಾರಗಳಲ್ಲೇ ಹಾಗೆ ಅನಿಸಿದರೆ ಆ ದಿನವೇ ಪ್ರಾಂಶುಪಾಲರ ಬಳಿ ಹೋಗಿ. ಸೀಟು ಇದ್ದರೆ ಆಗ ಬದಲಾವಣೆ ಸಾಧ್ಯ. ದಾಖಲಾತಿಯ ವಿವರ ಪಿಯು ಇಲಾಖೆಗೆ ಹೋದ ಮೇಲೆ ಕಷ್ಟ. ವರ್ಷದ ನಡುವೆ ಗೊತ್ತಾದರೆ, ಆಗಿರುವ ವಿಷಯಗಳಲ್ಲೇ ಪಿಯುಸಿ ಮುಗಿಸಿ ಪದವಿಯಲ್ಲಿ ದಾರಿ ಬದಲಿಸುವುದು ಒಳ್ಳೆಯದು.

ಜೀವಶಾಸ್ತ್ರ ಬಿಟ್ಟು ಭೌತ, ರಸಾಯನ, ಗಣಿತ ಓದಿ ಆಮೇಲೆ ವೈದ್ಯರಾಗಬೇಕು ಎನಿಸಿದವರಿಗೆ ಹಿಂದೆ ಉತ್ತರವೇ ಇರಲಿಲ್ಲ. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹನ್ನೆರಡನೆಯ ತರಗತಿಯ ನಂತರ ಮಾನ್ಯತೆ ಪಡೆದ ಮಂಡಳಿಯಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರಿಗೂ ನೀಟ್ ಬರೆಯಲು ಅವಕಾಶ ಕೊಟ್ಟಿತು. ಒಂದು ವರ್ಷ ಹೆಚ್ಚು ಹಿಡಿಯುತ್ತದೆ, ಆದರೆ ದಾರಿ ಇದೆ. ಕಳೆದ ವರ್ಷ ಇದನ್ನು ಒಬ್ಬ ಹುಡುಗಿಗೆ ಹೇಳಿದಾಗ ಅವಳು ಸ್ಟಾಫ್ ರೂಮಿನಲ್ಲೇ ಕುಳಿತು ನನ್ನ ಪೆನ್ನು ತೆಗೆದುಕೊಂಡು ಅಂಗೈ ಮೇಲೆ ಬರೆದುಕೊಂಡಳು.